ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿದ ಹೆಚ್ಚಿನ ವರ್ಷ

ಕೆಟ್ಟುಹೋಗದ ವಸ್ತುಗಳ ಮೇಲೆ ನನಗೆ ನಂಬಿಕೆಯಿಲ್ಲ. ಚೆನ್ನಾಗಿ ತಿರುಗುತ್ತಿರುವ ಮಿಕ್ಸಿಯ ಸದ್ದು ಕೇಳಿದರೆ ಉಳಿದವರಿಗೆ ಶೇಂಗಾ ಚಟ್ನಿ ನೆನಪಾಗಬಹುದು. ನನಗೆ ಮಾತ್ರ ಇದು ಯಾವ ಹಬ್ಬದ ಬೆಳಗ್ಗೆ ಕೈಕೊಡಲಿದೆ ಎಂಬ ಯೋಚನೆ ಶುರುವಾಗುತ್ತದೆ. ಇದು ಹುಟ್ಟುಗುಣವಲ್ಲ, ಕಲಿತ ವಿದ್ಯೆ. ಕಾಲೇಜಿನಲ್ಲಿದ್ದಷ್ಟು ಕಾಲ ಚರ್ಚಾಸ್ಪರ್ಧೆಗಳಿಗೆಂದು ಊರೂರು ತಿರುಗಿದವಳು ನಾನು. ಹಡಗಲಿಯಲ್ಲಿ ಮೊಬೈಲು ಮನುಷ್ಯನಿಗೆ ವರ ಎಂದು ಸಾಧಿಸಿ ಒಂದು ಟ್ರೋಫಿ ತಂದೆ. ಅದೇ ವಾರ ಹರಪನಹಳ್ಳಿಯಲ್ಲಿ ಅದೇ ಮೊಬೈಲು ಶಾಪ ಎಂದು ಸಾಧಿಸಿ ಇನ್ನೊಂದು ತಂದೆ. ಈಗ ಅವೆರಡೂ ನಮ್ಮ ಮನೆಯ ಗೂಡಿನಲ್ಲಿ ಅಕ್ಕಪಕ್ಕ ಕೂತಿವೆ, ಮಾತು ಬಿಟ್ಟ ದಾಯಾದಿಗಳ ಹಾಗೆ. ಇಂಥ ಮಗಳು ಮನೆಯಲ್ಲಿದ್ದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ನಮ್ಮಪ್ಪನನ್ನು ನೋಡಬೇಕು. ಕೊಟ್ಟೂರಿನ ಮಾರ್ಕೆಟ್ ಯಾರ್ಡಿನಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ ಅವನು. ನಾನೂ ಅವ್ವನೂ ಮಾತಿಗೆ ಮಾತು ಬೆಳೆಸಿದಾಗಲೆಲ್ಲ, "ಇಬ್ರದೂ ಖರೆ ಐತಿ" ಎಂದು ತೀರ್ಪು ಕೊಟ್ಟು ಪೇಪರನ್ನು ಮುಖದ ಮೇಲೆ ಹೊದ್ದುಕೊಂಡುಬಿಡುತ್ತಾನೆ.

ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ನನಗೆ ರಾಜ್ಯಶಾಸ್ತ್ರ ಹೇಳುವ ಕೆಲಸ ಸಿಕ್ಕಿತು. ಸಂಬಳ ಶುರುವಾದ ಮೇಲೆ ಬ್ಯಾಂಕಿನವರು ತಾವಾಗಿಯೇ ಕರೆದು ಒಂದು ಕ್ರೆಡಿಟ್ ಕಾರ್ಡು ಕೊಟ್ಟರು. ಕಾರ್ಡಿನ ಜೊತೆ ಇರುವೆ ಸಾಲಿನಂಥ ಅಕ್ಷರಗಳ ಒಂದು ಪುಸ್ತಿಕೆಯೂ ಬಂತು. ಉಳಿದವರು ಕಾರ್ಡು ಇಟ್ಟುಕೊಂಡು ಪುಸ್ತಿಕೆಯನ್ನು ಒಗೆಯುತ್ತಾರೆ. ನಾನು ಕಾರ್ಡನ್ನು ಬ್ಯಾಗಿಗೆ ಹಾಕಿ, ಕೊಟ್ಟೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪುಸ್ತಿಕೆಯನ್ನು ಮೊದಲಿನಿಂದ ಕೊನೆವರೆಗೆ ಓದಿದೆ. ಕೊನೆಗೆ ಹತ್ತಿರ ಬಂದಾಗ ಒಂದು ಮಾತು ಸಿಕ್ಕಿತು. ಮನೆಬಳಕೆಯ ವಿದ್ಯುತ್ ಸಾಮಾನನ್ನು ಪೂರ್ತಿ ಈ ಕಾರ್ಡಿನಿಂದಲೇ ಕೊಂಡರೆ, ಕಂಪನಿಯ ವಾರಂಟಿ ಮುಗಿದ ಮೇಲೆ ಇನ್ನೊಂದು ವರ್ಷ ಅದೇ ರಕ್ಷಣೆಯನ್ನು ಕಾರ್ಡು ಕೊಡುತ್ತದೆ. ಅದಕ್ಕೆ ಬೇರೆ ಶುಲ್ಕವಿಲ್ಲ. ಇದರಲ್ಲಿ ಮೋಸ ಎಲ್ಲಿದೆ ಎಂದು ಹುಡುಕಿದೆ. ಕಾಣಲಿಲ್ಲ. ಕಾಣದಿರುವುದೇ ಅನುಮಾನಕ್ಕೆ ಕಾರಣವಾಗಿ ಮತ್ತೆ ಹುಡುಕಿದೆ. ಅಷ್ಟರಲ್ಲಿ ಕಿಟಕಿಯಾಚೆ ಮೆಕ್ಕೆಜೋಳದ ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು, ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಯಾರಿಗೂ ಅವಸರವಿಲ್ಲ ಎನ್ನುವಂತೆ ತಿರುಗುತ್ತಿದ್ದವು. ಹೆಚ್ಚಿನ ಒಂದು ವರ್ಷ ಎಂಬ ಆ ಮಾತು ಮೆಲ್ಲಗೆ ನನ್ನೊಳಗೆ ಇಳಿಯಿತು. ಜಗತ್ತಿನಲ್ಲಿ ಯಾರು ಯಾರಿಗೆ ಒಂದು ವರ್ಷ ಕೊಡುತ್ತಾರೆ? ಹಿರಿಯರ ಕಾಲಿಗೆ ಬಿದ್ದರೆ ನೂರು ವರ್ಷ ಬಾಳು ಎನ್ನುತ್ತಾರೆ, ನಿಜ. ಆದರೆ ಅದಕ್ಕೆ ಷರತ್ತುಗಳಿರುವುದಿಲ್ಲ. ಷರತ್ತುಗಳಿರುವ ಆಶೀರ್ವಾದವನ್ನು ಮಾತ್ರ ನಾನು ನಂಬುತ್ತೇನೆ.

ಹಾಗಾಗಿ ಅವ್ವನಿಗೆ ಬಟ್ಟೆ ಒಗೆಯುವ ಮಿಷನ್ ಕೊಡಿಸುವ ದಿನ ಬಂದಾಗ ನಾನು ಹಗರಿಬೊಮ್ಮನಹಳ್ಳಿಯ ಅಂಗಡಿಗೆ ಮಿಷನ್ ನೋಡಲು ಹೋಗಲಿಲ್ಲ, ವಾದಕ್ಕೆ ಹೋದೆ. ಅಂಗಡಿಯ ಕೊಟ್ರೇಶಣ್ಣ ಬಿಲ್ಲು ಬರೆಯುವ ಮುಂಚೆ ಎಲ್ಲರಿಗೂ ಹೇಳುವ ಮಾತನ್ನು ನನಗೂ ಹೇಳಿದ. "ಮೇಡಂ, ಇನ್ನೊಂದಿಷ್ಟು ರೊಕ್ಕ ಹಾಕಿದ್ರ ನಮ್ಮ ಕಡಿಂದ ವಾರಂಟಿ ಬೆಳಸಿ ಕೊಡ್ತೀವ್ರಿ."

"ಬ್ಯಾಡ್ರಿ. ನನ್ನ ಕಾರ್ಡಿನ್ಯಾಗ ಒಂದ್ ವರ್ಷ ಪುಕ್ಕಟೆ ಬರತೈತಿ."

"ಕಾರ್ಡಿನ್ಯಾಗ ರೊಕ್ಕ ಬರತೈತ್ರಿ, ವರ್ಷ ಎಲ್ಲಿಂದ ಬರತೈತ್ರಿ?"

ಪುಸ್ತಿಕೆ ತೆಗೆದೆ. ನಿಂತುಕೊಂಡೇ ಓದಿ ಹೇಳಿದೆ. ಕಂಪನಿಯ ಎರಡು ವರ್ಷ ಮುಗಿದ ಮಾರನೆಯ ದಿನದಿಂದ ಕಾರ್ಡಿನ ವರ್ಷ. ಬಿಲ್ಲು ನನ್ನ ಹೆಸರಿನಲ್ಲಿರಬೇಕು. ಮಿಷನ್ ಕೆಟ್ಟರೆ ರಿಪೇರಿಯ ಖರ್ಚು ಅವರದು. ಫ್ಯಾನು ಕೊಳ್ಳಲು ಬಂದವರು, ಸುಮ್ಮನೆ ಟೀವಿ ನೋಡುತ್ತ ನಿಂತವರು ಎಲ್ಲ ಈ ಕಡೆ ತಿರುಗಿದರು. ಹೆಗಲ ಮೇಲೆ ಟವೆಲು ಹಾಕಿಕೊಂಡಿದ್ದ ಒಬ್ಬ ಮುದುಕ ಗಂಭೀರವಾಗಿ ಕೇಳಿದ. "ತಂಗಿ, ಆ ಕಾರ್ಡು ನಮ್ಮ ಬೋರಿನ ಮೋಟ್ರಿಗೂ ನಡೀತೈತೇನು?"

"ಇಲ್ಲಜ್ಜ. ಮನ್ಯಾಗಿನ ಸಾಮಾನಿಗಷ್ಟ."

"ಮೋಟ್ರು ತಂದು ಮನ್ಯಾಗ ಇಟ್ಕಂಡ್ರ?"

ಇದಕ್ಕೆ ಪುಸ್ತಿಕೆಯಲ್ಲಿ ಉತ್ತರವಿರಲಿಲ್ಲ. ಆದರೂ ಒಟ್ಟು ಸಭೆ ನನ್ನ ಕಡೆಗಿತ್ತು. ಕೊಟ್ರೇಶಣ್ಣ ಸೋಲೊಪ್ಪಿ ಕಾರ್ಡು ತಿಕ್ಕಿದ. ಇಷ್ಟೆಲ್ಲ ನಡೆಯುವಾಗ ನನ್ನ ಜೊತೆ ಬಂದಿದ್ದ ಅವ್ವ ಮಿಷನ್ನಿನ ಮುಚ್ಚಳ ತೆಗೆದು ಒಳಗೆ ಬಾವಿ ನೋಡುವ ಹಾಗೆ ಬಗ್ಗಿ ನೋಡುತ್ತಿದ್ದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಇದು ನೀರು ಎಷ್ಟು ಕುಡೀತೈತಿ?"

ಗೂಡ್ಸ್ ಆಟೋದಲ್ಲಿ ಮಿಷನ್ ಕೊಟ್ಟೂರಿಗೆ ಬಂದು, ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಇಳಿಯಿತು. ನಾನು ಪೆಟ್ಟಿಗೆಯ ಪಟ್ಟಿ ಕತ್ತರಿಸಲು ಕತ್ತರಿ ಹುಡುಕುತ್ತಿದ್ದೆ. ಅವ್ವ ಕತ್ತರಿಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.

"ಬಿಚ್ಚಬ್ಯಾಡ. ಇದು ಹೊಸ ಮನಿಗೆ."

"ಹೊಸ ಮನಿ ಎಲ್ಲೈತವ್ವ?"

"ಬರತೈತಿ."

ಊರ ಅಂಚಿನ ನಮ್ಮ ಸೈಟಿನಲ್ಲಿ ಆಗ ಇದ್ದದ್ದು ಕಲ್ಲು ತುಂಬಿದ ಪಾಯ ಮಾತ್ರ. ಅದರ ಮೇಲೆ ಪಕ್ಕದವರ ಆಡುಗಳು ನಿಂತು ಊರು ನೋಡುತ್ತಿದ್ದವು. ಶ್ರಾವಣದ ಹೊತ್ತಿಗೆ ಮುಗಿಯುತ್ತದೆ ಎಂದು ಮೇಸ್ತ್ರಿ ಹಾಲಪ್ಪ ಹೇಳಿದ್ದ. ಯಾವ ಶ್ರಾವಣ ಎಂದು ನಾವು ಕೇಳಿರಲಿಲ್ಲ.

ನಮ್ಮ ಕಡೆ ಇದು ಹೊಸ ಸಂಗತಿಯಲ್ಲ ಬಿಡಿ. ಹೊಸ ಮನೆಗೆ, ಮದುವೆಗೆ, ಬಾಣಂತನಕ್ಕೆ ಎಂದು ತಂದ ಸಾಮಾನು ತನ್ನ ಸಂದರ್ಭ ಬರುವ ತನಕ ಪೆಟ್ಟಿಗೆ ಬಿಟ್ಟು ಹೊರಗೆ ಬರುವುದಿಲ್ಲ. ಮಿಷನ್ನಿನ ಪೆಟ್ಟಿಗೆಯೂ ಪಡಸಾಲೆಯ ಮೂಲೆಯಲ್ಲಿ ತನ್ನ ಬಾಳು ಶುರುಮಾಡಿತು. ಅವ್ವ ಅದಕ್ಕೆ ಹಳೆಯ ಇಳಕಲ್ ಸೀರೆ ಹೊದಿಸಿದಳು. ಸೋಮವಾರ ಲಿಂಗಪೂಜೆ ಮುಗಿದ ಮೇಲೆ ಉಳಿದ ವಿಭೂತಿ ಅದಕ್ಕೂ ಮೂರು ಬೆರಳು ಬೀಳುತ್ತಿತ್ತು. ಬಂದವರು ಮೈಮರೆತು ಅದರ ಮೇಲೆ ಮೊಣಕೈ ಊರಿದರೆ, "ಅದು ಮಿಷನ್ ಐತ್ರಿ, ಈಚಿ ಬರ್ರಿ" ಎಂದು ಅವರನ್ನು ಗೋಡೆಯ ಕಡೆ ಸರಿಸುತ್ತಿದ್ದಳು. ಬೆಕ್ಕಿಗೆ ಮಾತ್ರ ಅಪ್ಪಣೆಯಿತ್ತು. ಬಟ್ಟೆ ಒಗೆಯುವ ಯಂತ್ರ ಪಡಸಾಲೆಯಲ್ಲಿ ಸೀರೆ ಉಟ್ಟು ಕೂತಿತ್ತು. ಬಟ್ಟೆ ಒಗೆಯುವ ಅವ್ವ ಹಿತ್ತಲಲ್ಲಿ ಕಲ್ಲಿಗೆ ಸೀರೆ ಬಡಿಯುತ್ತಿದ್ದಳು. ಇದನ್ನು ನಾನು ಒಳ್ಳೆಯ ವಾಕ್ಯವಾಗಿ ಜೋಡಿಸಿ ಅವಳ ಮುಂದೆ ಇಟ್ಟೆ. ಅವಳು ನೊರೆ ಕೈಯಿಂದ ಹಣೆ ಒರೆಸಿಕೊಂಡು, "ಚಂದ ಮಾತಾಡ್ತಿ. ಆ ಬಕೀಟು ಇತ್ತ ಕೊಡು" ಅಂದಳು.

ಅವಳಿಗೆ ಬೇಕಾದದ್ದು ಮನೆ, ನನಗೆ ಬೇಕಾದದ್ದು ಅವಧಿ. ಗೋಡೆ ಏಳುವ ವೇಗಕ್ಕಿಂತ ವಾರಂಟಿ ಸವೆಯುವ ವೇಗ ಹೆಚ್ಚಿತ್ತು. ಒಂದು ಮಳೆಗಾಲ ಮರಳು ಸಿಗಲಿಲ್ಲ. ಒಂದು ಬೇಸಿಗೆ ನೀರು ಸಿಗಲಿಲ್ಲ. ಎರಡೂ ಸಿಕ್ಕಾಗ ಹಾಲಪ್ಪ ಸಿಗಲಿಲ್ಲ. ಅವನು ಕಾನಹೊಸಹಳ್ಳಿಯಲ್ಲಿ ಯಾರದೋ ಕಲ್ಯಾಣ ಮಂಟಪ ಹಿಡಿದಿದ್ದ. ನಡುವೆ ವಾಸ್ತು ನೋಡುವವರೊಬ್ಬರು ಬಂದು ಅಡಿಗೆಮನೆಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಳಿಸಿ, ಹೋಳಿಗೆ ಉಂಡು ಹೋದರು. ಇವರ ಮಾತಿಗೆ ಆಧಾರ ಏನು ಎಂದು ನಾನು ಕೇಳಿದ್ದಕ್ಕೆ ಅಪ್ಪ ಪೇಪರಿನ ಒಳಗಿಂದಲೇ ಕೆಮ್ಮಿದ.

ರಜೆಯ ಮಧ್ಯಾಹ್ನಗಳಲ್ಲಿ ಚಾಪೆ ಹಾಸಿ ಆ ಪೆಟ್ಟಿಗೆಯ ಪಕ್ಕದಲ್ಲೇ ಮಲಗುತ್ತಿದ್ದೆ. ಬಿಸಿಲಿಗೆ ಬೀದಿ ಮೌನವಾಗಿರುತ್ತಿತ್ತು. ಕಿವಿಗೊಟ್ಟರೆ ಪೆಟ್ಟಿಗೆಯೊಳಗೆ ಏನೋ ಹನಿಯುವ ಹಾಗೆ, ದಿನಗಳು ಒಂದೊಂದಾಗಿ ತಳದಿಂದ ಸೋರಿ ನೆಲದೊಳಗೆ ಇಂಗುವ ಹಾಗೆ ಅನಿಸುತ್ತಿತ್ತು. ಒಮ್ಮೆ ಹಾಗೇ ಕಣ್ಣು ಹತ್ತಿತು. ಹೆಚ್ಚಿನ ವರ್ಷ ಹಂಚುವ ಒಂದು ಕಚೇರಿ. ಅದು ಗುಡ್ಡದ ಮೇಲಿತ್ತು, ಅದಕ್ಕೆ ಗೋಡೆಗಳಿರಲಿಲ್ಲ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುತ್ತಿತ್ತು. ಕೂಡ್ಲಿಗಿಯಿಂದ, ಹಡಗಲಿಯಿಂದ, ಉಚ್ಚಂಗಿದುರ್ಗದಿಂದ ಜನ ಬಂದು ಸಾಲಿನಲ್ಲಿ ಕೂತಿದ್ದರು. ಯಾರಿಗೂ ಅವಸರವಿರಲಿಲ್ಲ. ಒಬ್ಬಳು ತನ್ನ ಮೊಣಕಾಲಿಗೆ ಒಂದು ವರ್ಷ ಕೇಳಿದಳು. ಒಬ್ಬ ಕುರಿಗಾರ ತನ್ನ ನಾಯಿಗೆ ಕೇಳಿದ. ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಉಳಿದ ಕೂದಲಿಗೆ ಕೇಳಿದರು. ಮೇಜಿನ ಹಿಂದೆ ಕೊಟ್ರೇಶಣ್ಣ ಕೂತು ಎಲ್ಲರನ್ನೂ ಒಂದೇ ಮಾತು ಕೇಳುತ್ತಿದ್ದ, "ಬಿಲ್ ಐತೇನ್ರಿ?" ಯಾರ ಹತ್ತಿರವೂ ಇರಲಿಲ್ಲ. ಆದರೂ ಅವನು ಒಂದೊಂದು ಹಿಡಿ ಗಾಳಿಯನ್ನು ಚೀಟಿಯಲ್ಲಿ ಕಟ್ಟಿ ಕೊಡುತ್ತಿದ್ದ, ಅವರು ಸೆರಗಿಗೆ, ಧೋತರದ ಅಂಚಿಗೆ ಗಂಟು ಹಾಕಿಕೊಂಡು ಗುಡ್ಡ ಇಳಿಯುತ್ತಿದ್ದರು. ನನ್ನ ಕೈಯಲ್ಲಿ ಬಿಲ್ಲಿತ್ತು. ನನ್ನ ಸರದಿ ಬಂದಾಗ ಎಚ್ಚರವಾಯಿತು. ಬೆಕ್ಕು ಪೆಟ್ಟಿಗೆಯ ಮೇಲಿಂದ ನನ್ನನ್ನು ನೋಡುತ್ತಿತ್ತು.

ಕಂಪನಿಯ ಎರಡು ವರ್ಷ ಹೀಗೇ ಮುಗಿದು ಕಾರ್ಡಿನ ವರ್ಷ ಶುರುವಾಯಿತು. ನಾನು ಗೆದ್ದು ತಂದ ವರ್ಷ ಅದು. ಸುಮ್ಮನಿರಲು ಆಗಲಿಲ್ಲ. ಕಾರ್ಡಿನ ಸಹಾಯವಾಣಿಗೆ ಫೋನು ಮಾಡಿದೆ. ಒಬ್ಬ ಹುಡುಗಿ ನಯವಾದ ದನಿಯಲ್ಲಿ ಕೇಳಿದಳು. "ಯಂತ್ರದಲ್ಲಿ ಏನು ದೋಷ ಕಾಣಿಸಿಕೊಂಡಿದೆ ಮೇಡಂ?"

"ದೋಷ ಇಲ್ಲ. ಇನ್ನೂ ಶುರುವೇ ಮಾಡಿಲ್ಲ. ತೆರೆದ ದಿನದಿಂದ ಅವಧಿ ಲೆಕ್ಕ ಹಿಡಿಯಬಹುದೇ ಎಂದು ಕೇಳಲು ಮಾಡಿದೆ."

"ಬಿಲ್ಲಿನ ದಿನಾಂಕದಿಂದ ಮಾತ್ರ ಮೇಡಂ."

ನಾನು ಎದ್ದು ನಿಂತೆ. ಫೋನಿನಲ್ಲಿ ವಾದಿಸುವಾಗಲೂ ನನಗೆ ನಿಲ್ಲಬೇಕು. ವಾರಂಟಿ ಎಂಬುದು ಬಳಕೆಗೆ ಕೊಟ್ಟ ಭರವಸೆ. ಬಳಕೆಯೇ ಇಲ್ಲದಿರುವಾಗ ಭರವಸೆ ಖರ್ಚಾಯಿತು ಎನ್ನುವುದು ಹೇಗೆ? ಹುಟ್ಟದ ಕೂಸಿಗೆ ವಯಸ್ಸು ಎಣಿಸುತ್ತೀರಾ? ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ಕೊನೆಗೆ ನನ್ನ ಪುಸ್ತಕದ ಕನ್ನಡ ತೀರಿಹೋಯಿತು. "ನೋಡ್ರಿ, ನಮ್ಮವ್ವ ಅದನ್ನ ಡಬ್ಬಿ ಬಿಟ್ಟು ಹೊರಗ ತಗ್ಯಾಕ ಬಿಡವಲ್ಲಳ್ರಿ. ಹೊಸ ಮನಿಗಂತ ಇಟ್ಟಾಳ" ಅಂದೆ.

ಆ ಕಡೆ ದನಿ ತಗ್ಗಿತು. "ನೀವು ಯಾ ಕಡಿಯೋರ್ರಿ?"

"ಕೊಟ್ಟೂರು."

"ನಮ್ದು ಹೊಳಲ್ರಿ, ಹಡಗಲಿ ಕಡಿ. ನಮ್ಮ ಮನ್ಯಾಗ ಒಂದ್ ಫ್ರಿಜ್ ಐತ್ರಿ. ಅಣ್ಣನ ಮದಿವಿಗಂತ ತಂದ್ರು. ಹೆಣ್ಣು ಇನ್ನಾ ಗೊತ್ತಾಗಿಲ್ಲ, ಫ್ರಿಜ್ಜಿಗೆ ಕರೆಂಟ್ ಹಚ್ಚಿಲ್ಲ. ಒಂದ್ ಕೆಲ್ಸ ಮಾಡ್ರಿ, ವರ್ಷ ಮುಗಿಯಾದ್ರೊಳಗ ಒಂದ್ಸಲ ಓಡಿಸಿ ನೋಡ್ರಿ. ಏನರ ತಪ್ಪಿದ್ರ ಗೊತ್ತಾಗತೈತಿ." ಮರುಗಳಿಗೆಯಲ್ಲಿ ದನಿ ಮತ್ತೆ ನೆಟ್ಟಗಾಯಿತು. "ಕರೆ ಮಾಡಿದ್ದಕ್ಕೆ ಧನ್ಯವಾದಗಳು ಮೇಡಂ."

ಹೊಳಲಿನವರಿಗೆ ಇದೆಲ್ಲ ಏನು ವಿಶೇಷ ಎಂದು ಆಮೇಲೆ ಹೊಳೆಯಿತು. ಆ ಊರಿನ ಗುಡಿಯಲ್ಲಿ ಅನಂತಶಯನನೇ ಕಾಲು ಚಾಚಿ ಮಲಗಿದ್ದಾನೆ. ದೇವರೇ ಮಲಗಿರುವಲ್ಲಿ ಫ್ರಿಜ್ಜು ಮಲಗಿದ್ದರೆ ಯಾರಿಗೂ ತೊಂದರೆ ಆಗುವುದಿಲ್ಲ.

ಕಾರ್ಡಿನ ವರ್ಷವೂ ಕೊನೆಯ ತಿಂಗಳಿಗೆ ಬಂತು. ಅಷ್ಟರಲ್ಲಿ ಹೊಸ ಮನೆಗೆ ಸ್ಲ್ಯಾಬು ಬಿದ್ದಿತ್ತು. ಗೋಡೆಗಳು ಕೆಲವು ಎದ್ದು, ಕೆಲವು ಏಳುವ ಯೋಚನೆಯಲ್ಲಿದ್ದವು. ಒಂದು ಸಂಜೆ ಅವ್ವ ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದಾಗ ನಾನು ಕೊನೆಯ ಬಾರಿ ಎಂದುಕೊಂಡು ಮಾತು ತೆಗೆದೆ. ಒಮ್ಮೆ, ಒಂದೇ ಒಮ್ಮೆ ಇಲ್ಲಿ ಓಡಿಸಿ ನೋಡೋಣ. ಕೆಟ್ಟ ಮಿಷನ್ನು ಹೊಸ ಮನೆಗೆ ಹೋದರೆ ಅದು ಶುಭವೇ? ಈ ಕೊನೆಯ ಪ್ರಶ್ನೆ ಅವಳಿಗೆ ತಾಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ಅವಳು ಹಿಂಡುವುದನ್ನು ನಿಲ್ಲಿಸಿದಳು. "ನೀನು ಸಣ್ಣಾಕಿದ್ದಾಗ ಕ್ವಾಟಿ ಗೋಡಿ ಹತ್ರ ಒಂದ್ ಮನ್ಯಾಗ ಇದ್ವಿ. ಆ ಮನಿ ಅಮ್ಮ ನಾ ಎಷ್ಟು ಕೊಡ ತುಂಬ್ತೀನಂತ ಕಿಡಕ್ಯಾಗ ನಿಂತು ನೋಡ್ತಿದ್ಲು. ಆಮ್ಯಾಲಿನ ಮನ್ಯಾಗ, ನಿಮ್ಮ ಬಟ್ಟಿ ನೀರು ನಮ್ಮ ಗೋಡಿಗೆ ಬಡೀತೈತಿ ಅಂದ್ರು. ಈ ಮನ್ಯಾಗ ಹಗ್ಗ ಕಟ್ಟಾಕ ಮೊಳಿ ಹೊಡಿಯಂಗಿಲ್ಲ." ಅವಳ ದನಿಯಲ್ಲಿ ದೂರು ಇರಲಿಲ್ಲ. ಮನೆಗಳ ಹೆಸರು ಹೇಳುವ ಹಾಗೆ ಹೇಳಿದಳು. "ಆ ಮಿಷನ್ನಿಗೆ ಬೀಳೋ ಮೊದಲ್ನೇ ನೀರು ನಮ್ದು ಇರ್ಲಿ ಅಂತ. ಮತ್ತೇನಿಲ್ಲ."

ಎದುರಾಳಿ ಭಾವನೆಯನ್ನು ತಂದರೆ ಸಭೆಯನ್ನು ತರ್ಕಕ್ಕೆ ಎಳೆಯಬೇಕು ಎಂದು ನಮಗೆ ಕಲಿಸಿದ್ದರು. ನಾನು ಬಕೆಟ್ಟನ್ನು ಎತ್ತಿ ಕೊಟ್ಟೆ. ಬಟ್ಟೆ ಹರವಿದೆವು. ಆಮೇಲೆ ಎಷ್ಟೋ ಹೊತ್ತು ಹಿತ್ತಲಿನ ಮೆಟ್ಟಿಲ ಮೇಲೆ ಕೂತು, ಈ ಮೂರು ವರ್ಷ ಅವಳು ಯಾವ ಪಕ್ಷ ಮಂಡಿಸುತ್ತಿದ್ದಳು, ನಾನು ಯಾವ ಪಕ್ಷವನ್ನು ಖಂಡಿಸುತ್ತಿದ್ದೆ ಎಂದು ಯೋಚಿಸಿದೆ. ಎರಡೂ ಬೇರೆ ಬೇರೆ ವಿಷಯಗಳಾಗಿದ್ದವು.

ದಾರಿ ಹೊಳೆದದ್ದು ಅವಳ ಚಪ್ಪಲಿಯಿಂದ. ಮಾರನೆಯ ದಿನ ಗೋಡೆಗೆ ನೀರುಣಿಸಲು ಸೈಟಿಗೆ ಹೋದಾಗ ಅವಳು ಬಾಗಿಲ ಚೌಕಟ್ಟಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಚೌಕಟ್ಟಿನ ಎಡಕ್ಕೆ ಗೋಡೆ ಇರಲಿಲ್ಲ. ನಾನು ಆ ಖಾಲಿ ಜಾಗದಿಂದ ಸುಮ್ಮನೆ ನುಗ್ಗಿದೆ.

"ಬಾಗ್ಲಾಗ ಬಾ" ಎಂದು ಗದರಿದಳು. "ಬಾಗ್ಲ ನಿಲ್ಸಿ ಪೂಜಿ ಮಾಡಿಲ್ಲೇನು? ಕಳ್ಳರಂಗ ಎಲ್ಲೆರ ಬಂದ್ರ?"

"ಬಾಗ್ಲ ನಿಲ್ಸಿದ ಮ್ಯಾಲ ಇದು ಮನಿನಾ?"

"ಮತ್ತ ಇದೇನು, ದನದ ಕೊಟ್ಟಿಗಿನಾ?"

"ಆ ನಳ ನಮ್ದಾ?"

ಅವ್ವ ನಳವನ್ನು ನೋಡಿದಳು. ಕೆಲಸಕ್ಕೆಂದು ಅಪ್ಪ ಪಟ್ಟಣ ಪಂಚಾಯಿತಿಗೆ ಅಲೆದು ಹಾಕಿಸಿದ್ದ ನಳ ಅದು, ಹನಿಹನಿಯಾಗಿ ಸಿಮೆಂಟಿನ ತೊಟ್ಟಿಗೆ ಬೀಳುತ್ತಿತ್ತು. ಆಮೇಲೆ ನನ್ನನ್ನು ನೋಡಿದಳು. ಮಗಳನ್ನು ಓದಿಸಿದ್ದಕ್ಕೆ ಸ್ವಲ್ಪ ಪಶ್ಚಾತ್ತಾಪ ಆ ಮುಖದಲ್ಲಿತ್ತು, ಸ್ವಲ್ಪ ಸಮಾಧಾನವೂ ಇತ್ತು. "ಸೋಮಾರ ತರಾಣು" ಅಂದಳು.

ಸೋಮವಾರ ಗೂಡ್ಸ್ ಆಟೋದಲ್ಲಿ ಪೆಟ್ಟಿಗೆ ಹೊರಟಿತು. ಚೌಕಟ್ಟಿನ ನಡುವಿನಿಂದಲೇ, ಎರಡು ಕಡೆ ಉಜ್ಜುತ್ತ ಒಳಗೆ ಬಂತು. ಪಕ್ಕದ ಖಾಲಿ ಜಾಗವನ್ನು ಯಾರೂ ಬಳಸಲಿಲ್ಲ. ಇನ್ನೂ ಸಿಮೆಂಟಿನ ಗಿಲಾವ್ ಬಳಿಯದ ಇಟ್ಟಿಗೆ ಗೋಡೆಯ ಮುಂದೆ, ಹಾಲಪ್ಪನ ತಾತ್ಕಾಲಿಕ ಕರೆಂಟಿಗೆ ವೈರು ಜೋಡಿಸಿ, ನಳಕ್ಕೆ ಪೈಪು ಹಚ್ಚಿದೆವು. ಅವ್ವ ತನ್ನದೊಂದು ಸೀರೆ, ಅಪ್ಪನದೊಂದು ಅಂಗಿ, ನನ್ನದೊಂದು ದುಪಟ್ಟಾ ಒಳಗೆ ಹಾಕಿದಳು. ನೀರು ಬೀಳತೊಡಗಿತು. ಅವಳು ಮುಚ್ಚಳದ ಗಾಜಿಗೆ ಮುಖ ಹಚ್ಚಿ, ಉಸಿರಿನ ಮಂಜನ್ನು ಸೆರಗಿನಿಂದ ಒರೆಸುತ್ತ ನೋಡಿದಳು. ನಾನು ಕಿವಿಗೊಟ್ಟು ಕೂತೆ. ನಿಮಗೆ ನಿಜ ಹೇಳುತ್ತೇನೆ, ಒಂದು ಸಣ್ಣ ದೋಷಕ್ಕಾಗಿ ನಾನು ಹಂಬಲಿಸಿದೆ. ಒಂದು ಕಿರ್ರ್, ಒಂದು ಠಕ್, ಸೋರುವ ಒಂದು ಹನಿ. ಇಂಥ ಒಂದು ತಪ್ಪು ಸಿಕ್ಕಿದ್ದರೆ ನನ್ನ ವರ್ಷ ಸಾರ್ಥಕವಾಗುತ್ತಿತ್ತು. ಮಿಷನ್ನು ಜೋಗುಳದ ಹಾಗೆ ಗುನುಗಿತು, ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ನೀರು ಬಿಟ್ಟಿತು, ಒಂದು ಪೀಂಯ್ ಅಂದು ಸುಮ್ಮನಾಯಿತು. ಅಂಥ ನಿರ್ದೋಷಿ ಎದುರಾಳಿಯನ್ನು ನಾನು ಯಾವ ವೇದಿಕೆಯಲ್ಲೂ ನೋಡಿರಲಿಲ್ಲ.

ಬಟ್ಟೆಗಳನ್ನು ಸ್ಲ್ಯಾಬಿನ ಮೇಲೆ ಹರವಿದೆವು. ಮುಂದೆಂದೋ ಬರಲಿರುವ ಮಾಳಿಗೆಗಾಗಿ ಬಿಟ್ಟ ಕಂಬಿಗಳು ಅಲ್ಲಿ ನಿಂತಿದ್ದವು. ಅವ್ವ ಒಂದರಿಂದ ಇನ್ನೊಂದಕ್ಕೆ ಹಗ್ಗ ಬಿಗಿದಳು. ಯಾರನ್ನೂ ಕೇಳಬೇಕಾಗಿರಲಿಲ್ಲ. ಗಾಳಿಗೆ ಸೀರೆ ಉಬ್ಬಿ ಇಡೀ ಮನೆ ಎಲ್ಲಿಗೋ ಹೊರಟ ಹಾಗೆ ಕಂಡಿತು. ಹಗ್ಗದ ಕೆಳಗಿನ ನೆರಳಿನಲ್ಲಿ ಅವ್ವ ಕಾಲು ಚಾಚಿ ಕೂತಳು. ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಸೀರೆ ಒಣಗುವವರೆಗೂ ಅವಳು ಎದ್ದೇಳಲಿಲ್ಲ.

ಕಾರ್ಡಿನ ವರ್ಷ ಯಾವುದೋ ಒಂದು ಸಾಧಾರಣ ದಿನ ಮುಗಿದುಹೋಯಿತು. ಅವತ್ತು ನಾನು ಬಸ್ಸಿನಲ್ಲಿ ನಿದ್ದೆ ಹೋಗಿದ್ದೆ. ಬೀದಿಯಲ್ಲಿ ಈಗ ವಾರಂಟಿಯ ಬಗ್ಗೆ ಮಾತಾಡುವವಳು ಅವ್ವ. "ಸಾಮಾನು ತಂದ ಕೂಡ್ಲೆ ಬಿಚ್ಚಿ ನೋಡಬೇಕ್ರಿ. ಅವಧಿ ಬಿಲ್ಲಿನ ತಾರೀಖಿಂದ ಓಡತೈತಿ" ಎಂದು ನೀರಿಗೆ ಬಂದವರಿಗೆಲ್ಲ ಷರತ್ತು ಸಮೇತ ತಿಳಿಸುತ್ತಾಳೆ. ಹೋದ ತಿಂಗಳು ಹೊಸ ಮನೆಯ ನನ್ನ ಕೋಣೆಗೆಂದು ಅದೇ ಕಾರ್ಡಿನಲ್ಲಿ ಒಂದು ಫ್ಯಾನು ತಂದೆ. ಅವ್ವ ಕತ್ತರಿ ಹಿಡಿದುಕೊಂಡೇ ಬಂದಳು.

"ಬಿಚ್ಚು. ಸದ್ಯಕ್ಕ ಇಲ್ಲೇ ಹಚ್ಚಿ ನೋಡಾಣು."

"ಇರ್ಲಿ ಬಿಡವ್ವ."

"ಯಾಕಿರ್ಲಿ? ಸುಮ್ನ ಅವಧಿ ಹೋಗತೈತಿ."

ಅಂಶಗಳೆಲ್ಲ ಅವಳ ಕಡೆಗಿದ್ದವು. ಅವಳ ಒಂದೊಂದು ಮಾತನ್ನೂ ಮೂರು ವರ್ಷ ಕೂತು ತಯಾರಿಸಿದವಳು ನಾನೇ. "ಗಿಲಾವ್ ಆಗ್ಲಿ" ಎಂದಷ್ಟೇ ಹೇಳಿ ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದೆ. ಓದಿದ್ದೆಲ್ಲ ದಂಡ ಎಂದು ಗೊಣಗುತ್ತ ಅವಳು ಒಳಗೆ ಹೋದಳು. ಈಗ ರಜೆಯ ಮಧ್ಯಾಹ್ನ ಮಂಚದ ಮೇಲೆ ಅಡ್ಡಾದರೆ, ಕೆಳಗೆ ಎಲ್ಲೋ ಮೂರು ರೆಕ್ಕೆಗಳು ಒಂದರ ಮೇಲೊಂದು ಮಲಗಿವೆ ಎಂಬುದು ನೆನಪಾಗುತ್ತದೆ. ಹೇಳಿಕೊಳ್ಳಲು ನಾಚಿಕೆ, ಆದರೆ ಇನ್ನೂ ತಿರುಗದ ಆ ಫ್ಯಾನಿನ ಗಾಳಿಗೆ ನನಗೆ ಒಳ್ಳೆಯ ನಿದ್ದೆ ಬರುತ್ತದೆ.